ಗುಳಿಗೆಯ ಮೇಲಿನ ಸಕ್ಕರೆ

ಒಂಬತ್ತನೆಯ ತರಗತಿಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಹೇಳಿಕೊಡುವ ದಿನ ನನಗೆ ಸ್ವಲ್ಪ ಹಗುರವಾದ ದಿನ. ವ್ಯಾಕರಣದ ಗೋಳಿರುವುದಿಲ್ಲ. ಆಕಾಶದಿಂದ ಬೆಕ್ಕು ನಾಯಿಗಳು ಮಳೆಯಾಗಿ ಸುರಿಯುತ್ತವೆ ಎಂದರೆ, ಮಳೆಯನ್ನೇ ಸರಿಯಾಗಿ ಕಾಣದ ನಮ್ಮ ಮೊಳಕಾಲ್ಮುರು ಸೀಮೆಯ ಮಕ್ಕಳಿಗೆ ಎಲ್ಲಿಲ್ಲದ ನಗು. ಅವತ್ತು ಬೋರ್ಡಿನ ಮೇಲೆ ‘ಶುಗರ್ ದ ಪಿಲ್’ ಎಂಬುದನ್ನು ಬರೆದೆ. ಗುಳಿಗೆಗೆ ಸಕ್ಕರೆ ಸವರುವುದು. ಕಹಿಯಾದ ಸಂಗತಿಯನ್ನು, ಕೇಳುವವರು ತಡೆದುಕೊಳ್ಳುವ ಹಾಗೆ ಸಿಹಿ ಮಾಡಿ ಹೇಳುವುದು ಎಂದು ಅರ್ಥ ವಿವರಿಸಿದೆ. ಎಲ್ಲರೂ ಬರೆದುಕೊಂಡರು. ಕಿಟಕಿಯ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಪೆನ್ನು ಕಚ್ಚುತ್ತಾ ಎದ್ದು ನಿಂತಳು.

“ಅಂದ್ರೆ ಸುಳ್ಳು ಹೇಳದಾ ಮಿಸ್?”

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. “ನಾಳೆ ಹೇಳ್ತೀನಿ ಕೂತ್ಕೊಳೇ” ಎಂದು ಡಸ್ಟರ್ ತೆಗೆದುಕೊಂಡು ಹೊರಬಂದೆ. ಇಪ್ಪತ್ತೈದು ವರ್ಷಕ್ಕೂ ಮೀರಿ ಪಾಠ ಹೇಳಿದವಳು ನಾನು. ಉತ್ತರ ಗೊತ್ತಿಲ್ಲದಾಗ ನಾವು ಮೇಷ್ಟರುಗಳು ಸವರುವ ಸಕ್ಕರೆ ಈ ‘ನಾಳೆ ಹೇಳ್ತೀನಿ’.

ಆ ಪ್ರಶ್ನೆ ನನಗೆ ಅಷ್ಟು ಚುಚ್ಚಿದ್ದಕ್ಕೆ ಕಾರಣವಿತ್ತು. ಅದಕ್ಕೆ ಹದಿನೈದು ದಿನ ಮೊದಲು ನಾನೇ ಒಂದು ಗುಳಿಗೆಗೆ ಸಕ್ಕರೆ ಸವರಿ ಒಬ್ಬ ತಾಯಿಯ ಕೈಗೆ ಕೊಟ್ಟಿದ್ದೆ. ಅದನ್ನು ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ನನ್ನ ಬಾಲ್ಯದ ಗುಳಿಗೆಯ ಮಾತು ಹೇಳಬೇಕು.

ಚಳಿಜ್ವರ ಬಂದಾಗ ಅಮ್ಮ ಮಾತ್ರೆಯನ್ನು ಬೆಲ್ಲದ ಚೂರಿನಲ್ಲಿ ಹುದುಗಿಸಿ ಕೊಡುತ್ತಿದ್ದಳು. ನಾನು ಬೆಲ್ಲವನ್ನು ಚೀಪಿ ಮಾತ್ರೆಯನ್ನು ಹಿತ್ತಲಲ್ಲಿ ಉಗಿದುಬಿಡುತ್ತಿದ್ದೆ. ಜ್ವರ ಬಿಡುತ್ತಿರಲಿಲ್ಲ, ಅಮ್ಮ ಡಾಕ್ಟರನ್ನು ಬೈಯುತ್ತಿದ್ದಳು. ಹರಳೆಣ್ಣೆಯ ವಿಷಯದಲ್ಲಿ ಅವಳ ಉಪಾಯ ಇನ್ನೂ ಜಾಣತನದ್ದು. ಬಿಸಿ ಕಾಫಿಗೆ ಬೆರೆಸಿ ಕೊಡುತ್ತಿದ್ದಳು. ಹರಳೆಣ್ಣೆ ಹೊಟ್ಟೆಗೆ ಹೋಗುತ್ತಿತ್ತು ನಿಜ, ಆದರೆ ಕಾಲೇಜು ಸೇರುವವರೆಗೂ ಕಾಫಿಯ ವಾಸನೆ ಬಂದರೆ ನನಗೆ ಹೊಟ್ಟೆ ತೊಳಸುತ್ತಿತ್ತು. ನಿಮ್ಮಲ್ಲಿ ನನ್ನ ವಯಸ್ಸಿನವರು ಎಷ್ಟೋ ಜನ ಇದೇ ಕಥೆ ಹೇಳಿಯಾರು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನಲ್ಲಿ ಲುಕ್ರೀಷಿಯಸ್ ಎಂಬ ಕವಿ, ಮಕ್ಕಳಿಗೆ ಕಹಿ ಕಷಾಯ ಕುಡಿಸುವಾಗ ವೈದ್ಯರು ಬಟ್ಟಲಿನ ಅಂಚಿಗೆ ಜೇನುತುಪ್ಪ ಹಚ್ಚುವುದನ್ನು ತನ್ನ ಕಾವ್ಯದಲ್ಲಿ ಹೇಳಿದ್ದಾನೆ. ತಾಯಂದಿರ ಬುದ್ಧಿ ಎಲ್ಲ ಕಡೆಯೂ ಒಂದೇ.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಮಾತೆಂದರೆ ಮೂಗಿಗೆ ತುಪ್ಪ ಸವರುವುದು. ಆದರೆ ಎರಡೂ ಒಂದೇ ಅಲ್ಲ. ಮೂಗಿಗೆ ತುಪ್ಪ ಸವರಿಸಿಕೊಂಡವನಿಗೆ ವಾಸನೆ ಮಾತ್ರ, ಹೊಟ್ಟೆಗೆ ಏನೂ ಇಲ್ಲ. ಇಂಗ್ಲಿಷಿನವರ ಸಕ್ಕರೆಯ ಒಳಗಾದರೂ ಒಂದು ಗುಳಿಗೆ ಇದೆ. ಈ ಸಣ್ಣ ವ್ಯತ್ಯಾಸ ನನ್ನ ಬದುಕಿನಲ್ಲಿ ಎಷ್ಟು ವರ್ಷ ತಿಂದಿತು ನೋಡಿ.

ನನಗೆ ಎರಡು ವರ್ಷವಿದ್ದಾಗ ಪೋಲಿಯೋ ಬಂದು ಎಡಗಾಲು ಸಣ್ಣದಾಯಿತು. ನಡೆದರೆ ಸ್ವಲ್ಪ ವಾಲುತ್ತೇನೆ. ನಮ್ಮ ಮನೆಯಲ್ಲಿ ಆ ಕಾಲಿನ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ. ಅಪ್ಪ ಚಳ್ಳಕೆರೆಯಲ್ಲಿ ಶೇಂಗಾ ಮಂಡಿಯೊಂದರ ಗುಮಾಸ್ತರು. ಅಮ್ಮನ ತೌರು ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆ. ಅಜ್ಜಿಯ ಮನೆಯ ಜಗಲಿಯಲ್ಲಿ ನಿಂತರೆ ಎದುರಿಗೇ ಜಟಿಂಗ ರಾಮೇಶ್ವರ ಬೆಟ್ಟ, ಬಂಡೆಯ ಮೇಲೆ ಬಂಡೆ ಪೇರಿಸಿದ ಹಾಗೆ. ಜಾತ್ರೆಗೆ ಹೋದಾಗಲೆಲ್ಲ ಮಾವಂದಿರು, ಅವರ ಮಕ್ಕಳು ಮೆಟ್ಟಿಲು ಹತ್ತಿ ಹೋಗುತ್ತಿದ್ದರು. “ನೀನು ಅಜ್ಜಿ ಜೊತೆ ಇರು ಪುಟ್ಟಿ, ಮುಂದಿನ ವರ್ಷ ಎಲ್ಲಾರೂ ಹೋಗಾಣ” ಎನ್ನುತ್ತಿದ್ದರು ಸೋದರಮಾವ. ಬರುವಾಗ ಮೇಲಿನಿಂದ ನನಗೆ ಬಳೆ ತರುತ್ತಿದ್ದರು. ಎಂಟು ಹತ್ತು ಜಾತ್ರೆ ಹೀಗೇ ಕಳೆದವು. ಅವರಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೆ ಆ ‘ಮುಂದಿನ ವರ್ಷ’ದ ಒಳಗೆ ಗುಳಿಗೆ ಇರಲಿಲ್ಲ. ‘ನಿನ್ನ ಕಾಲಿಗೆ ಕಷ್ಟ, ನಿಧಾನವಾಗಿ ಹತ್ತುವುದಾದರೆ ಇಡೀ ದಿನ ಬೇಕು’ ಎಂದು ಯಾರಾದರೂ ಹೇಳಿದ್ದರೆ ನಾನು ಇಡೀ ದಿನ ಹತ್ತಲು ಹಟ ಮಾಡುತ್ತಿದ್ದೆನೋ ಏನೋ.

1991ರಲ್ಲಿ ಬಿ.ಎ. ಮುಗಿಯಿತು. ವರಾನ್ವೇಷಣೆ ಶುರುವಾಯಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಬಂದವರು ಚೆನ್ನಾಗಿಯೇ ಮಾತಾಡುತ್ತಿದ್ದರು. ಹುಡುಗಿ ಲಕ್ಷಣವಾಗಿದ್ದಾಳೆ, ಓದಿದ್ದಾಳೆ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ. ಕಾಗದವೂ ಬರುತ್ತಿತ್ತು. ಜಾತಕ ಕೂಡಿಬರಲಿಲ್ಲ. ಒಂದಲ್ಲ, ಎರಡಲ್ಲ, ಐದು ಸಲ ಜಾತಕ ಕೂಡಿಬರಲಿಲ್ಲ. ಅಮ್ಮ ನನ್ನ ಜಾತಕವನ್ನೇ ನಂಬಿದಳು. ಮಂಗಳವಾರದ ಉಪವಾಸ, ನಾಗರ ಪೂಜೆ, ಕುಜಶಾಂತಿ, ಯಾವ ಊರಿನ ಯಾವ ಜೋಯಿಸರು ಏನು ಹೇಳಿದರೂ ಅದು. ಅಪ್ಪನ ಸಂಬಳದಲ್ಲಿ ಶಾಂತಿಗೆ ಹೋದದ್ದೆಷ್ಟು ಎಂದು ಅವರು ಲೆಕ್ಕ ಬರೆದಿಟ್ಟಿರಲಿಲ್ಲ. ಮಂಡಿಯ ಲೆಕ್ಕವನ್ನು ಪೈಸೆಗೆ ಪೈಸೆ ಬರೆಯುತ್ತಿದ್ದ ಮನುಷ್ಯ. ಬಿ.ಇಡಿ. ಅರ್ಜಿಯನ್ನು ಎರಡು ವರ್ಷ ಟ್ರಂಕಿನಲ್ಲಿಟ್ಟರು. ಗ್ರಹಗತಿ ಸರಿಹೋದರೆ ಯಾವಾಗ ಬೇಕಾದರೂ ಮದುವೆ ಕುದುರಬಹುದು, ಓದು ಮಧ್ಯದಲ್ಲಿ ನಿಂತರೆ ಫೀಸು ದಂಡ ಎಂಬ ಲೆಕ್ಕ.

ಐದನೆಯ ಸಲ ಬಂದವರು ಹಿರಿಯೂರಿನ ಕಡೆಯವರು. ಅವರ ಕಾಗದ ಬಂದ ವಾರಕ್ಕೆ, ಹುಡುಗನ ಅಜ್ಜಿ ಒಬ್ಬಳೇ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದಳು. ಜಗಲಿಯಲ್ಲಿ ನಾನು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದೆ. ನನ್ನ ಪಕ್ಕದಲ್ಲಿ ಕೂತು ಅವಳೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

“ಅವ್ವಾ, ನಿನ್ ಜಾತಕ ಚೆನ್ನಾಗೇ ಐತೆ. ನಮ್ಮೋರು ನಿನ್ ಕಾಲು ನೋಡಿ ಬ್ಯಾಡ ಅಂದ್ರು. ನಾನೂ ಅಲ್ಲೇ ಕುಂತಿದ್ದೆ, ಬಾಯಿ ಬಿಡಲಿಲ್ಲ. ಅದಕ್ಕೇ ಬಂದೆ.”

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒಳಗೆ ಹೋಗಿ ಪಾತ್ರೆ ಬಡಿಯತೊಡಗಿದಳು. ನಾನು ಅತ್ತೆ. ಅಜ್ಜಿ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ನನ್ನ ಪಾಲಿನ ಕಾಯನ್ನೂ ಅವಳೇ ಸುಲಿದಳು. ಮಧ್ಯಾಹ್ನ ಅಮ್ಮ ಮುಖ ಊದಿಸಿಕೊಂಡೇ ಹಾಕಿದ ಮುದ್ದೆ ಉಂಡಳು. ಸಂಜೆ ಬಸ್ಸಿನವರೆಗೂ ಕೂತಿದ್ದು, ಹೋಗುವಾಗ “ಓದು” ಎಂದಳು, ಅಷ್ಟೆ. ಅವಳನ್ನು ನಾನು ಎಷ್ಟು ದ್ವೇಷಿಸಿದೆ ಎಂದರೆ, ಬಹಳ ದಿನ ಹಿರಿಯೂರು ಎಂಬ ಬೋರ್ಡಿನ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಆದರೆ 1994ರಲ್ಲಿ ಟ್ರಂಕಿನಿಂದ ಅರ್ಜಿ ಹೊರಗೆ ಬಂತು. ಐದು ಸುಸಂಸ್ಕೃತ ಕಾಗದಗಳು ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಆಮೇಲೆ ನೌಕರಿ, ಮದುವೆ, ಮಗ, ಎಲ್ಲ ಆಯಿತು. ನನ್ನ ಯಜಮಾನರು ಜಾತಕ ಕೇಳಲೇ ಇಲ್ಲ, ಆದರೆ ಅದು ಬೇರೆ ಕಥೆ.

ಇಷ್ಟೆಲ್ಲ ಅನುಭವಿಸಿದವಳು ಎಚ್ಚರವಾಗಿರಬೇಕಿತ್ತು. ಇರಲಿಲ್ಲ.

ಮಗನಿಗೆ ಹೆಣ್ಣು ನೋಡಲು ಬಳ್ಳಾರಿಗೆ ಹೋಗಿದ್ದೆವು. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಳ್ಳೆಯ ಮನೆ, ಹುಡುಗಿ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಾಳೆ, ನೇರವಾಗಿ ಕಣ್ಣು ನೋಡಿ ಮಾತಾಡುತ್ತಾಳೆ. ನನಗೆ ಬಹಳ ಹಿಡಿಸಿದಳು. ವಾಪಸು ಬರುವಾಗ ದಾರಿಯಲ್ಲಿ ಮಗ ಬಾಯಿ ಬಿಟ್ಟ. ಅವನ ಮನಸ್ಸು ಆಗಲೇ ಬೆಂಗಳೂರಿನಲ್ಲಿ ಇನ್ನೊಂದು ಹುಡುಗಿಯ ಕಡೆ ಇತ್ತು. “ಮತ್ತೆ ಇಲ್ಲಿಗೆ ಯಾಕೋ ಬಂದೆ?” ಎಂದರೆ, “ನಿನಗೆ ಬೇಜಾರಾಗಬಾರದು ಅಂತ ಅಮ್ಮ” ಎಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನನಗೇ ಸಕ್ಕರೆ ಸವರಿದ.

ಬಳ್ಳಾರಿಯವರಿಗೆ ಏನು ಹೇಳುವುದು? ನಾದಿನಿ ಫೋನಿನಲ್ಲಿ, “ಅದಕ್ಯಾಕೆ ತಲೆ ಕೆಡಿಸ್ಕೋತೀರ ಅತ್ತಿಗೆ, ಜಾತಕ ಕೂಡಿಬರಲಿಲ್ಲ ಅನ್ನಿ. ಅವರಿಗೂ ಮರ್ಯಾದೆ, ನಮಗೂ ಮರ್ಯಾದೆ” ಎಂದಳು. ನಾನು ಅದನ್ನೇ ಹೇಳಿದೆ. ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ನನಗೇ ಆಶ್ಚರ್ಯ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಆ ತಾಯಿ ತಗ್ಗಿದ ದನಿಯಲ್ಲಿ, “ಏನು ದೋಷ ಅಂದ್ರು ಮೇಡಂ? ಕುಜದೋಷ ಏನಾದ್ರೂ ಐತಾ? ಹೇಳಿದ್ರೆ ಶಾಂತಿ ಮಾಡಿಸ್ತೀವಿ” ಎಂದರು. ನನ್ನ ಅಮ್ಮನ ದನಿಯೇ ಕೇಳಿದ ಹಾಗಾಯಿತು. “ಅದೆಲ್ಲಾ ನನಗೆ ಅಷ್ಟು ಗೊತ್ತಾಗಲ್ಲರೀ” ಎಂದು ಫೋನಿಟ್ಟೆ.

ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದು ಇದಾದ ಹದಿನೈದನೆಯ ದಿನ.

ಸುಳ್ಳು ಹೇಳದೆ ಮೆತ್ತಗೆ ಹೇಳಲು ಬರುವುದಿಲ್ಲವೇ? ಬರುತ್ತದೆ, ಕಂಡಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಮುಖ್ಯೋಪಾಧ್ಯಾಯರೊಬ್ಬರಿದ್ದರು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ, ಫೇಲಾದ ಹುಡುಗರನ್ನು ಬೋರ್ಡಿನ ಮುಂದಿನ ಗುಂಪಿನಿಂದ ತಮ್ಮ ಕೊಠಡಿಗೆ ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದರು. ಊಟ ಆಯ್ತೇನೋ ಎಂದು ಕೇಳಿ, ಕೂರಿಸಿ, ಒಂದು ಲೋಟ ನೀರು ಕೊಟ್ಟು, ಆಮೇಲೆ ‘ಗಣಿತ, ಇಪ್ಪತ್ತೆಂಟು’ ಎಂದು ಅಂಕೆ ಸಮೇತ ಹೇಳುತ್ತಿದ್ದರು. ಒಂದು ಅಂಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಕ್ಷಣವೇ ಮೇಜಿನ ಖಾನೆಯಿಂದ ಮರುಪರೀಕ್ಷೆಯ ಅರ್ಜಿ ತೆಗೆದು ಅವನ ಕೈಯಲ್ಲೇ ತುಂಬಿಸುತ್ತಿದ್ದರು. ಇನ್ನು ಕೆಲವರು ಮೇಷ್ಟರು ಹೊರಗೆ ನಿಂತು “ಏನೂ ಆಗಲ್ಲ ಬಿಡೋ, ಪೇಪರ್ ತಿದ್ದಿದವರದೇ ತಪ್ಪು” ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಹುಡುಗರಿಗೆ ಆ ಹೊತ್ತಿಗೆ ಹಿತವಾಗುತ್ತಿದ್ದದ್ದು ಇವರೇ.

ನಮ್ಮ ಶಾಲೆಯಿಂದ ಪ್ರತಿವರ್ಷ ಜಟಿಂಗ ರಾಮೇಶ್ವರಕ್ಕೆ ಒಂದು ದಿನದ ಪ್ರವಾಸ ಹೊರಡುವುದುಂಟು. ಪ್ರತಿವರ್ಷವೂ ನಾನು “ಬ್ಯಾಗು ಕಾಯೋಕೆ ಒಬ್ಬರು ಬೇಕಲ್ಲ” ಎಂದು ಕೆಳಗೆ ಮರದ ನೆರಳಲ್ಲಿ ಕೂರುತ್ತಿದ್ದೆ. ಸೋದರಮಾವ ಹೇಳುತ್ತಿದ್ದದ್ದನ್ನು ಈಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈ ಸಲ ಏನನ್ನಿಸಿತೋ, ಬ್ಯಾಗುಗಳನ್ನು ವ್ಯಾನಿನ ಡ್ರೈವರಿಗೆ ಒಪ್ಪಿಸಿ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಮಕ್ಕಳೆಲ್ಲ ಮೇಕೆಮರಿಗಳ ಹಾಗೆ ಮುಂದೆ ಓಡಿದರು. ಆ ಪ್ರಶ್ನೆಯ ಹುಡುಗಿ ಮಾತ್ರ ಹಿಂದೆ ಉಳಿದಳು.

“ಮಿಸ್, ಕಾಲು ನೋಯ್ತದಾ?”

ಐವತ್ತು ವರ್ಷದಲ್ಲಿ ನನ್ನನ್ನು ಹೀಗೆ ಕೇಳಿದವರು ಬಹಳ ಕಡಿಮೆ. “ಹೂಂ ಕಣೇ, ನೋಯ್ತದೆ” ಎಂದೆ.

“ಹಂಗಾದ್ರೆ ಕೂರಣ” ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಹತ್ತು ಮೆಟ್ಟಿಲಿಗೊಮ್ಮೆ, ಹದಿನೈದಕ್ಕೊಮ್ಮೆ ಕೂತೆವು. ಅವಳು ತನ್ನ ಮನೆಯ ಮಗ್ಗದ ವಿಷಯ, ರೇಷ್ಮೆ ನೂಲಿನ ರೇಟಿನ ವಿಷಯ ಹೇಳುತ್ತಿದ್ದಳು. ‘ಇನ್ನು ಸ್ವಲ್ಪವೇ ಇದೆ’ ಎಂದು ಒಮ್ಮೆಯೂ ಹೇಳಲಿಲ್ಲ. ಕೇಳಿದಾಗ, “ಭಾಳ ಐತೆ ಮಿಸ್” ಎಂದಳು.

ಮೇಲೆ ರಾಮೇಶ್ವರನ ಗುಡಿ. ಹತ್ತಿರದಲ್ಲೇ ಅಶೋಕನ ಶಾಸನವಿರುವ ಬಂಡೆ. ನಮ್ಮ ಸಮಾಜ ಪಾಠದ ಮೇಷ್ಟರು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಹೇಳುತ್ತಿದ್ದರು. ಈ ಬೆಟ್ಟ, ಬ್ರಹ್ಮಗಿರಿ, ಸಿದ್ದಾಪುರ, ಮೂರೂ ಕಡೆಯ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಈ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವಿದು. ಬ್ರಹ್ಮಗಿರಿಯದು ಅಕ್ಷರ ಗುಂಡು, ಅದಕ್ಕೆ ರೋಗ ವಾಸಿಮಾಡುವ ಗುಣವಿದೆ ಎಂದು ಹಿಂದೆ ಊರವರು ನಂಬಿದ್ದರು. ನನಗೆ ಮಾತ್ರ ಮಾವ ತರುತ್ತಿದ್ದ ಬಳೆಗಳು ನೆನಪಾದವು. ಕೈ ಚಾಚಿ ಬಂಡೆಯನ್ನು ನೋಡಿದೆ, ಅಕ್ಷರಗಳು ಬಹಳ ಸವೆದಿವೆ. ಅಕ್ಕಪಕ್ಕದ ಬೆಟ್ಟಗಳ ಶಾಸನದಲ್ಲಿ ಅದೇ ಮಾತು ಸ್ಪಷ್ಟವಾಗಿ ಉಳಿದಿರುವುದರಿಂದ ಇಲ್ಲಿ ಏನಿತ್ತೆಂದು ತಿಳಿಯುತ್ತದೆ.

ಏನಿತ್ತು? ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ. ಮೊದಲು ಅವರ ಆರೋಗ್ಯ ವಿಚಾರಿಸಬೇಕು, ಆಮೇಲೆ ಈ ಮಾತು ಹೇಳಬೇಕು ಎಂದು ಶುರುವಾಗುತ್ತದೆ. ನಮ್ಮ ಹಳೆಯ ಮುಖ್ಯೋಪಾಧ್ಯಾಯರ ಒಂದು ಲೋಟ ನೀರು! ನಂತರ ದೊರೆ ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕನಾಗಿದ್ದೇನೆ, ಆದರೆ ಒಂದು ವರ್ಷ ಸಾಕಷ್ಟು ಶ್ರಮಪಡಲಿಲ್ಲ ಎನ್ನುತ್ತಾನೆ. ಅಷ್ಟು ದೊಡ್ಡ ಚಕ್ರವರ್ತಿ ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ನನಗೆ ಫೋನಿನಲ್ಲಿ ಒಂದು ನಿಮಿಷ ನಮ್ಮ ತಪ್ಪು ಒಪ್ಪಿಕೊಳ್ಳಲು ಆಗಲಿಲ್ಲ. ಕೊನೆಯಲ್ಲಿ ಉಪದೇಶ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಯದನ್ನು ನಮ್ಮ ಮೇಷ್ಟರು ಎರಡು ಸಲ ಹೇಳಿದರು.

ಬೆಟ್ಟಕ್ಕೆ ಜಟಾಯುವಿನ ಹೆಸರು. ರಾವಣನೊಂದಿಗೆ ಹೋರಾಡಿ ಅವನು ಬಿದ್ದದ್ದು ಇಲ್ಲೇ, ರಾಮ ಲಿಂಗ ಪ್ರತಿಷ್ಠೆ ಮಾಡಿದ್ದೂ ಇಲ್ಲೇ ಎಂದು ನಮ್ಮವರ ನಂಬಿಕೆ. ಲೇಪಾಕ್ಷಿಯವರೂ, ಕೇರಳದ ಚಡಯಮಂಗಲದವರೂ ಅದು ನಮ್ಮೂರು ಎನ್ನುತ್ತಾರೆ. ಇರಲಿ, ಅಂಥವನನ್ನು ಎಷ್ಟು ಊರಿನವರು ತಮ್ಮವನೆಂದರೂ ಒಳ್ಳೆಯದೇ. ಗುಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಾಗ ನನಗೆ ಹೊಳೆದದ್ದು ಅವನ ಹೋರಾಟವಲ್ಲ, ಅವನು ಸುದ್ದಿ ಹೇಳಿದ ರೀತಿ. ರಾಮಾಯಣದಲ್ಲಿ ಅವನಿಗಿಂತ ಕೆಟ್ಟ ಸುದ್ದಿ ಹೇಳಬೇಕಾಗಿ ಬಂದವರು ಯಾರಿದ್ದಾರೆ? ವಾಲ್ಮೀಕಿಯಲ್ಲಿ, ರಕ್ತ ಮೆತ್ತಿದ ಹದ್ದನ್ನು ಕಂಡ ರಾಮ ಇವನೇ ಸೀತೆಯನ್ನು ತಿಂದನೆಂದು ಬಿಲ್ಲಿಗೆ ಬಾಣ ಹೂಡುತ್ತಾನೆ. ಆಗಲೂ ಜಟಾಯು ಮುಚ್ಚಿಡುವುದಿಲ್ಲ. ನಿನ್ನ ಹೆಂಡತಿಯನ್ನೂ ನನ್ನ ಪ್ರಾಣವನ್ನೂ ರಾವಣ ಒಯ್ದನೆಂದು ಹೇಳುತ್ತಾನೆ, ದಿಕ್ಕು ದಕ್ಷಿಣವೆಂದು ಹೇಳುತ್ತಾನೆ. ಆಮೇಲೆ ಒಂದು ಮಾತು ಸೇರಿಸುತ್ತಾನೆ. ರಾವಣ ಅವಳನ್ನು ಕದ್ದದ್ದು ವಿಂದ ಎಂಬ ಮುಹೂರ್ತದಲ್ಲಿ, ಆ ಹೊತ್ತಿನಲ್ಲಿ ಕಳೆದುಹೋದದ್ದು ಒಡೆಯನಿಗೆ ಬೇಗ ಮರಳಿ ಸಿಗುತ್ತದೆ, ಕದ್ದವನಿಗೆ ಅದು ತಿಳಿದಿರಲಿಲ್ಲ, ನೀನು ದುಃಖಪಡಬೇಡ. ರಾವಣನ ಕುಲದ ವಿಷಯ ಹೇಳುತ್ತಿರುವಾಗಲೇ ಪ್ರಾಣ ಹೋಗುತ್ತದೆ.

ಮುಹೂರ್ತವೂ ಜೋಯಿಸರ ಮಾತೇ, ನಾನು ಹೇಳಿದ ಜಾತಕವೂ ಜೋಯಿಸರ ಮಾತೇ. ಆ ಮುದಿ ಹದ್ದು ನಿಜವನ್ನೆಲ್ಲ ಹೇಳಿಯಾದ ಮೇಲೆ ಅದನ್ನು ಹೇಳಿತು. ನಾನು ನಿಜ ಹೇಳುವುದನ್ನು ತಪ್ಪಿಸಿಕೊಳ್ಳಲು ಹೇಳಿದೆ. ನಾನು ಸವರಿದ ಸಕ್ಕರೆ ಆ ತಾಯಿಗಾಗಿ ಅಲ್ಲವೇ ಅಲ್ಲ. ‘ಮಗನ ಮನಸ್ಸು ತಿಳಿಯದೆ ನಿಮ್ಮ ಮನೆಗೆ ಬಂದು ಉಪ್ಪಿಟ್ಟು ತಿಂದು ಹೋದೆವು’ ಎನ್ನುವುದು ನನ್ನ ಬಾಯಿಗೆ ಕಹಿಯಾಗಿತ್ತು. ಕಹಿ ನನ್ನದು, ಸಿಹಿಯೂ ನನಗೇ. ಅವರ ಪಾಲಿಗೆ ಬಂದದ್ದು ಮಗಳ ಜಾತಕದ ಮೇಲೊಂದು ಕಪ್ಪು ಚುಕ್ಕೆ.

ಹಾಗೆಂದು ಆ ಹಿರಿಯೂರಿನ ಅಜ್ಜಿಯ ಹಾಗೆ ಎಲ್ಲರೂ ಬಸ್ಸು ಹತ್ತಿ ಹೋಗಿ ‘ನಿನ್ನ ಕಾಲು ಸರಿಯಿಲ್ಲ’ ಎನ್ನಬೇಕೇ? ನನಗೆ ಈಗಲೂ ಪೂರ್ತಿ ಧೈರ್ಯವಿಲ್ಲ. ಅದೇ ಮಾತನ್ನು ಆ ಹುಡುಗನ ತಾಯಿ ಕಾಗದದಲ್ಲಿ ಬರೆದಿದ್ದರೆ ನಾನು ಬಾವಿ ನೋಡಿಕೊಳ್ಳುತ್ತಿದ್ದೆನೋ ಏನೋ. ಮಾತು ಅದೇ, ಆದರೆ ಅಜ್ಜಿ ಸಂಜೆಯವರೆಗೆ ಕೂತಿದ್ದಳು.

ಇಳಿಯುವಾಗ ಆ ಹುಡುಗಿಗೆ, “ಸುಳ್ಳೂ ಆಗಬಹುದು ಕಣೇ, ಆಗದೆಯೂ ಇರಬಹುದು. ಒಳಗೆ ಗುಳಿಗೆ ಇದೆಯೋ ಇಲ್ಲವೋ ನೋಡಬೇಕು” ಎಂದೆ. ಅವಳು ಸ್ವಲ್ಪ ಯೋಚಿಸಿ, “ಪರೀಕ್ಷೇಲಿ ಎಷ್ಟು ಮಾರ್ಕ್ಸಿಗೆ ಬರ್ತದೆ ಮಿಸ್?” ಎಂದಳು.

ಮುಂದಿನ ಭಾನುವಾರ ರಾಂಪುರದಲ್ಲಿ ಬಸ್ಸು ಹತ್ತಿ ಬಳ್ಳಾರಿಗೆ ಹೋದೆ. ಯಜಮಾನರು ಬರುತ್ತೇನೆಂದರು, ಬೇಡವೆಂದೆ. ಮಗನಿಗೆ ಫೋನು ಮಾಡಿ ಹೇಳಿದ್ದೆ, ಅವನು ಬಹಳ ಹೊತ್ತು ಸುಮ್ಮನಿದ್ದು “ಸರಿ ಅಮ್ಮ” ಎಂದಿದ್ದ.

ತಾಯಿ ಮಗಳು ಇಬ್ಬರೂ ಮನೆಯಲ್ಲಿದ್ದರು. ನನ್ನನ್ನು ಕಂಡು ಆ ತಾಯಿಯ ಮುಖ ಅರಳಿತು, ಸಂಬಂಧ ಕೂಡಿಬಂತೆಂದು ತಿಳಿದರೋ ಏನೋ. ಅದನ್ನು ನೋಡುವುದು ಕಷ್ಟವಾಯಿತು. ಕೂತು, ಅವರ ಮಂಡಿನೋವು ಹೇಗಿದೆ ಎಂದು ಕೇಳಿ, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜಾತಕದಲ್ಲಿ ಏನೂ ಇಲ್ಲ, ನಾವು ತೋರಿಸಲೇ ಇಲ್ಲ, ಮಗನ ಮನಸ್ಸು ಬೇರೆ ಕಡೆಯಿತ್ತು, ತಿಳಿದುಕೊಳ್ಳದೆ ಬಂದದ್ದೂ ನಮ್ಮ ತಪ್ಪು, ಆಮೇಲೆ ಸುಳ್ಳು ಹೇಳಿದ್ದೂ ನನ್ನದೇ ತಪ್ಪು ಎಂದೆ. ತಾಯಿ ಏನೂ ಹೇಳದೆ ಎದ್ದು ಒಳಗೆ ಹೋದರು.

ಹುಡುಗಿ ಎದುರಿಗೇ ಕೂತಿದ್ದಳು. “ಅವತ್ತೇ ಹೇಳಬಹುದಿತ್ತಲ್ಲ ಆಂಟಿ. ಅಮ್ಮ ಆಗಲೇ ಶಾಂತಿಗೆ ದುಡ್ಡು ಕಟ್ಟಿ ಬಂದ್ರು.”

“ಎಷ್ಟು ಕಟ್ಟಿದ್ರಮ್ಮ?”

“ಅದನ್ನ ಕೇಳಬೇಡಿ.”

ಮತ್ತೆ ಅವಳು ಮಾತಾಡಲಿಲ್ಲ. ನಾನೂ ಎದ್ದು ಹೋಗಲಿಲ್ಲ. ಗೋಡೆಯ ಮೇಲಿನ ಗಡಿಯಾರದಲ್ಲಿ ಅರ್ಧ ಗಂಟೆ ಕಳೆಯಿತು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು, ಕಾಫಿ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಏಳುವಾಗ ತಾಯಿ ಹೊರಗೆ ಬಂದರು, ಕೈಯಲ್ಲಿ ಕುಂಕುಮದ ಭರಣಿ. ನನ್ನ ಮುಖ ನೋಡಲಿಲ್ಲ. ಕುಂಕುಮ ಕೊಟ್ಟರು.